ಬಂಡೆಯ ಮೇಲೆ ನಡೆಯುತ್ತಿದ್ದ ನನ್ನ ಪಾಠ

ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಗಣಿತ ಕಲಿಸುತ್ತೇನೆ. ನಾನು ಹೇಳಬೇಕಾಗಿರುವುದು ಒಂದು ಭಾನುವಾರದ ಸಂಜೆಯ ಬಗ್ಗೆ. ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಬೇಗ ಹೇಳಲು ಹೋದಾಗಲೆಲ್ಲ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿಹೋಗುತ್ತದೆ.

ಬಿಎಸ್‌ಸಿ ಮೊದಲ ವರ್ಷದವರಿಗೆ ನಾನು ಪಾಠವನ್ನು ತಿರುಗಿಸಿ ಮಾಡುತ್ತೇನೆ. ಪಾಠ ಮನೆಯಲ್ಲಿ, ಲೆಕ್ಕ ತರಗತಿಯಲ್ಲಿ. ಹಿಂದಿನ ದಿನವೇ ಪಾಠದ ವಿಡಿಯೊ ಅವರ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತದೆ. ಅದನ್ನು ನೋಡಿಕೊಂಡು ಬರಬೇಕು. ತರಗತಿಯಲ್ಲಿ ನಾನು ಉಪನ್ಯಾಸ ಕೊಡುವುದಿಲ್ಲ. ಅವರು ಸಣ್ಣ ಸಣ್ಣ ಗುಂಪಾಗಿ ಕೂತು ಲೆಕ್ಕ ಬಿಡಿಸುತ್ತಾರೆ, ನಾನು ಬೆಂಚುಗಳ ನಡುವೆ ತಿರುಗುತ್ತೇನೆ. ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ಹೆಸರಿದೆ. ನಮ್ಮ ಹುಡುಗರು ಅದನ್ನು ಉಲ್ಟಾ ಕ್ಲಾಸ್ ಎಂದರು. ಈಗ ಸ್ಟಾಫ್ ರೂಮಿನಲ್ಲೂ "ನಿಮ್ಮ ಉಲ್ಟಾ ಹೆಂಗ ನಡದೈತ್ರಿ?" ಎಂದೇ ಕೇಳುತ್ತಾರೆ.

ವಿಡಿಯೊದಲ್ಲಿ ನನ್ನ ಮುಖ ಕಾಣುವುದಿಲ್ಲ. ಕಾಗದ, ಪೆನ್ನು ಹಿಡಿದ ಕೈ, ಮತ್ತು ದನಿ. ಮೊದಲ ತಿಂಗಳು ಪ್ರಶ್ನೆ ಬಂದ ಕಡೆ "ಇಲ್ಲಿ ವಿಡಿಯೊ ನಿಲ್ಲಿಸಿ ಯೋಚಿಸಿ" ಎಂದು ಹೇಳುತ್ತಿದ್ದೆ. ಒಬ್ಬರೂ ನಿಲ್ಲಿಸುತ್ತಿರಲಿಲ್ಲ. ಹಾಗಾಗಿ ನಾನೇ ಸುಮ್ಮನಾಗತೊಡಗಿದೆ. ಪ್ರಶ್ನೆ ಕೇಳಿ, ಪೆನ್ನು ಕೆಳಗಿಟ್ಟು, ಗಡಿಯಾರ ನೋಡುತ್ತ ಕೂರುತ್ತಿದ್ದೆ. ವಿಡಿಯೊದಲ್ಲಿ ಆಗ ಖಾಲಿ ಕಾಗದ ಮಾತ್ರ ಕಾಣುತ್ತದೆ, ಏನೂ ಕೇಳಿಸುವುದಿಲ್ಲ. ಮೊದಲ ಸಲ ಅದನ್ನು ನೋಡಿದ ಮರುದಿನ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ, ನಿನ್ನೆ ನಿಮಗ ನಿದ್ದಿ ಹತ್ತಿತ್ತನ್ರಿ?" ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ಮೌನಗಳನ್ನು ಬಿಡಲಿಲ್ಲ. ಕ್ರಮೇಣ ಮಕ್ಕಳು ಅದರೊಳಗೆ ಯೋಚಿಸುವುದನ್ನು ಕಲಿತರು. ಪ್ರತಿ ವಿಡಿಯೊದಲ್ಲಿ ಅಂಥವು ಎರಡು ಇರುತ್ತವೆ. ಎರಡನೆಯದು ಉದ್ದ, ಅದಾದ ಮೇಲೆ "ಉತ್ತರ ನಾಳೆ ನೀವೇ ಹೇಳಿ" ಎಂಬ ಒಂದು ಮಾತು, ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಆನೆಗೊಂದಿ ದಾಟಿ ಹೊಳೆಯ ಬದಿಗೆ ಇನ್ನಷ್ಟು ದೂರ ಹೋದರೆ ಸಿಗುವ ಒಂದು ಸಣ್ಣ ಊರಿನಿಂದ ಮೂವರು ಹುಡುಗಿಯರು ನಮ್ಮ ಕಾಲೇಜಿಗೆ ಬರುತ್ತಾರೆ. ಅವರಲ್ಲಿ ಒಬ್ಬಳು ಲೆಕ್ಕದಲ್ಲಿ ಬಹಳ ಚುರುಕು. ಸುಲಭಕ್ಕೆ ಒಪ್ಪುವವಳಲ್ಲ, "ಯಾಕ್ರಿ ಸರ?" ಎಂಬುದು ಅವಳ ಬಾಯಲ್ಲಿ ಸದಾ ಇರುತ್ತದೆ. ಊರಲ್ಲಿ ಫೋನಿಗೆ ಸಿಗ್ನಲ್ ಬರುವುದಿಲ್ಲವಲ್ಲ, ವಿಡಿಯೊ ಹೇಗೆ ನೋಡುತ್ತೀರಿ ಎಂದು ಒಂದು ದಿನ ಅವಳನ್ನು ಕೇಳಿದೆ.

"ಗುಂಡಿನ ಮ್ಯಾಲೆ ಬರತೈತ್ರಿ ಸರ."

"ಯಾವ ಗುಂಡು?"

"ಊರ ಹಿಂದಿನ ದೊಡ್ಡ ಕಲ್ಲಗುಂಡ್ರಿ. ಮೂರೂ ಮಂದಿ ಹತ್ತಿ ಕುಂದರ್ತೀವಿ. ಒಂದ ಫೋನು. ಜೋರ ಇಟ್ಟು ಕೇಳ್ತೀವಿ."

ಡೌನ್‌ಲೋಡ್ ಮಾಡಿಕೊಂಡು ಮನೆಗೆ ಬರಬಹುದಲ್ಲ ಎಂದೆ. ಫೋನು ಅವಳ ಅಪ್ಪನದು, ಅದರೊಳಗೆ ಜಾಗವಿಲ್ಲ ಎಂದಳು. "ಎಲ್ಲಾ ಎತ್ತಿನ ಫೋಟೋ ಅದಾವ್ರಿ ಸರ. ಅಳಿಸಿದ್ರ ನನ್ನ ಹೊರಗ ಹಾಕ್ತಾರ." ಪಕ್ಕದವರಿಬ್ಬರು ಬಾಯಿಗೆ ವೇಲು ಅಡ್ಡ ಹಿಡಿದು ನಕ್ಕರು.

ನನ್ನ ಪಾಠವನ್ನು ಮೂವರು ಮಕ್ಕಳು ಬಂಡೆಯ ಮೇಲೆ ಕೂತು ಕೇಳುತ್ತಾರೆ ಎಂಬುದು ನನಗೆ ಹಿತವಾಗಿ ಕಂಡಿತು. ಒಮ್ಮೆ ನೋಡಬೇಕೆನಿಸಿತು. ನಾನು ಕುಷ್ಟಗಿ ಕಡೆಯವನು. ನಮ್ಮದು ಕಣ್ಣು ಹಾಯಿಸಿದಷ್ಟೂ ಬಯಲು. ಈ ಕಡೆಯ ಬಂಡೆಗಳ ರಾಶಿ ನನಗೆ ಇಂದಿಗೂ ಹೊಸದು. ಒಂದರ ಮೇಲೊಂದು ಯಾರೋ ಇಟ್ಟು ಮರೆತು ಹೋದಂತೆ ನಿಂತಿರುತ್ತವೆ, ಸಂದುಗಳಲ್ಲಿ ಏನಿದೆಯೋ ಕಾಣುವುದಿಲ್ಲ.

ಆ ಭಾನುವಾರ ಮಧ್ಯಾಹ್ನವೇ ವಿಡಿಯೊ ಕಳಿಸಿ, ಆನೆಗೊಂದಿಯಲ್ಲಿದ್ದ ಒಬ್ಬ ಪರಿಚಯದವರನ್ನು ನೋಡಿಕೊಂಡು, ಇಳಿಹೊತ್ತಿಗೆ ಆಟೋ ಮಾಡಿಕೊಂಡು ಆ ಊರಿಗೆ ಹೋದೆ. ರಸ್ತೆಯ ಎರಡೂ ಕಡೆ ಭತ್ತದ ಗದ್ದೆ, ಆಮೇಲೆ ಬಾಳೆ ತೋಟ. ಮನೆ ಕೇಳಿಕೊಂಡು ಹೋದಾಗ ಹುಡುಗಿಯ ತಾಯಿ ಅಂಗಳದಲ್ಲಿ ಬಾಳೆಯ ನಾರಿನಿಂದ ಚಾಪೆ ಹೆಣೆಯುತ್ತಿದ್ದರು. ನಾನು ಯಾರೆಂದು ತಿಳಿದಾಗ ಕೆಲಸ ಬಿಟ್ಟು ಎದ್ದರು.

"ನೀವನ್ರಿ ಸರ? ದನಿ ಕೇಳೇ ಗೊತ್ತಾತು ನೋಡ್ರಿ. ದಿನಾ ಗುಡ್ಡದ ಮ್ಯಾಲಿಂದ ಕೇಳತೈತಿ. ಅದರಾಗ ಭಾಳ ದೊಡ್ಡವ್ರಂಗ ಅನಸ್ತೀರಿ."

ಬಾಗಿಲಲ್ಲಿ ಕೂತಿದ್ದ ಅವರ ಭಾವ, ಎಂದರೆ ಹುಡುಗಿಯ ದೊಡ್ಡಪ್ಪ, ನಕ್ಕರು. "ಕುಂದರ್ರಿ ಸರ. ಆಕಿ ಈಗ ಗುಂಡಿನ ಮ್ಯಾಲೆ ಹತ್ಯಾಳ. ಇವತ್ತ ಒಬ್ಬಾಕಿನ. ಗೆಳತ್ಯಾರು ಯಲಬುರ್ಗಾಕ್ಕ ಮದವಿಗೆ ಹೋಗ್ಯಾರ." ಹುಡುಗಿಯ ಅಪ್ಪ ಗದ್ದೆಗೆ ನೀರು ಕಟ್ಟಲು ಕಾಲುವೆ ಕಡೆ ಹೋಗಿದ್ದಾರೆ ಎಂದೂ ಹೇಳಿದರು. ನಾನು ಕೂರಲಿಲ್ಲ. ಹತ್ತುವ ಜಾಗ ತೋರಿಸಿ ಎಂದೆ. ಮೂವರೂ ಮನೆಯ ಹಿಂದಿನಿಂದ ಹೊರಟೆವು. ತಾಯಿ, "ಹೊತ್ತು ಮುಣಗೂದ್ರಾಗ ಇಳಿ ಅಂತ ಹೇಳೀನ್ರಿ" ಎನ್ನುತ್ತ ಮುಂದೆ ನಡೆದರು.

ನನ್ನ ದನಿ ದೂರದಿಂದಲೇ ಕೇಳತೊಡಗಿತು. ಅದು ವಿಚಿತ್ರವಾದ ಅನುಭವ. ನಾನು ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದೇನೆ, ಮೇಲಿನಿಂದ ನಾನು ಮಾತಾಡುತ್ತಿದ್ದೇನೆ. ಬಂಡೆಗಳಿಗೆ ತಾಗಿ ದನಿ ದೊಡ್ಡದಾಗಿತ್ತು. ಪಾಠ ನನಗೆ ಗೊತ್ತಾಯಿತು: ಹೆಚ್ಚುತ್ತಲೇ ಹೋಗುವ, ಆದರೆ ಒಂದು ಗೆರೆಯನ್ನು ಎಂದೂ ದಾಟದ ಸಂಖ್ಯೆಗಳ ಸಾಲು.

ಜಾಗವನ್ನು ಸರಿಯಾಗಿ ಹೇಳಬೇಕು. ಎರಡು ದೊಡ್ಡ ಗುಂಡುಗಳ ನಡುವೆ ಒಂದು ಸಂದು, ಅದೇ ಹತ್ತುವ ದಾರಿ. ಸಂದಿನ ಮೇಲ್ತುದಿಯಲ್ಲಿ ಒಂದು ಚಪ್ಪಟೆ ಬಂಡೆ. ಅದರ ಆಚೆ, ಇನ್ನೂ ಮೇಲೆ, ಗೋಡೆಯಂಥ ಗುಂಡಿಗೆ ಬೆನ್ನು ಕೊಟ್ಟು ಹುಡುಗಿ ಕೂತಿದ್ದಳು. ಅವಳ ಹಿಂದೆ ದಾರಿಯಿಲ್ಲ. ಬಲಕ್ಕೆ ಕಡಿದು ನಿಲ್ಲಿಸಿದಂಥ ಇಳಿಜಾರು. ಎಡಕ್ಕೆ, ಆ ಚಪ್ಪಟೆ ಬಂಡೆಯಿಂದ ಸ್ವಲ್ಪ ನಮ್ಮ ಕಡೆಗೆ ಇಳಿದರೆ, ಜಾಲಿ ಪೊದೆಗಳೊಳಗೆ ಹೋಗುವ ಒಂದು ಇಕ್ಕಟ್ಟಾದ ಅಂಚು ಇತ್ತು.

ಚಪ್ಪಟೆ ಬಂಡೆಯ ಮೇಲೆ ಚಿರತೆ ಮಲಗಿತ್ತು.

ನಾನು ಅದನ್ನು ಮೊದಲು ನೋಡಲಿಲ್ಲ. ತಾಯಿ ನಿಂತಿದ್ದನ್ನು ನೋಡಿದೆ, ಆಮೇಲೆ ಅವರು ನೋಡುತ್ತಿದ್ದ ಕಡೆ ನೋಡಿದೆ. ಬಂಡೆಯದೇ ಬಣ್ಣ. ಬಾಲದ ತುದಿ ಅಲ್ಲಾಡಿದಾಗ ಮಾತ್ರ ಅದು ಬಂಡೆಯಿಂದ ಬೇರೆಯಾಯಿತು. ಮುಖ ಹುಡುಗಿಯ ಕಡೆಗಿತ್ತು. ಅವಳಿಗೂ ಅದಕ್ಕೂ ನಡುವೆ ನಮ್ಮ ತರಗತಿಯ ಅಗಲದಷ್ಟೂ ಜಾಗವಿರಲಿಲ್ಲ.

ಹುಡುಗಿ ಅದನ್ನು ನೋಡಿದ್ದಳು. ಫೋನು ತೊಡೆಯ ಮೇಲಿತ್ತು, ಎರಡೂ ಕೈ ಬಂಡೆಗೆ ಒತ್ತಿಕೊಂಡಿದ್ದವು. ನಮ್ಮನ್ನೂ ನೋಡಿದಳು. ಕಣ್ಣು ಮಾತ್ರ ನಮ್ಮ ಕಡೆ ಬಂತು, ತಲೆ ತಿರುಗಲಿಲ್ಲ.

ತಾಯಿಯ ಬಾಯಿಂದ ಕೂಗು ಹೊರಡುವ ಮುಂಚೆ ದೊಡ್ಡಪ್ಪ ಅವರ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. ಕಿವಿಯ ಹತ್ತಿರ ಹೇಳಿದ್ದು ನನಗೂ ಕೇಳಿಸಿತು. "ಕೂಗಬ್ಯಾಡವ್ವ. ಹಾದಿಗೆ ನಾವು ನಿಂತೀವಿ. ಕೂಗಿದ್ರ ಅದು ಮ್ಯಾಲೇ ಓಡತೈತಿ."

ಮೇಲೆ ಎಂದರೆ ಅವಳ ಕಡೆಗೆ.

ಅಷ್ಟರಲ್ಲಿ ಮೇಲಿನ ನನ್ನ ದನಿ ಒಂದು ಪ್ರಶ್ನೆ ಕೇಳಿ ನಿಂತಿತು. ಅದು ಮೊದಲ ಮೌನ. ಆ ಕ್ಷಣದಲ್ಲಿ ನನಗೆ ಅದು ಹೊಳೆಯಲಿಲ್ಲ. ಸಿಗ್ನಲ್ ಹೋಯಿತು ಎಂದುಕೊಂಡೆ. ಎಲ್ಲಿಯೂ ಸದ್ದಿಲ್ಲ. ಚಿರತೆ ತಲೆ ಎತ್ತಿತು. ಮುಂಗಾಲು ಮಡಚಿ ಎದ್ದಿತು. ಅದು ಎದ್ದಾಗ ಅದರ ಉದ್ದ ಗೊತ್ತಾಯಿತು. ಒಂದು ಹೆಜ್ಜೆ ಮುಂದಿಟ್ಟಿತು.

"ಸರಿ, ಈಗ ನೋಡೋಣ" ಎಂದು ನನ್ನ ದನಿ ಮತ್ತೆ ಶುರುವಾಯಿತು. ಚಿರತೆಯ ಕಿವಿಗಳು ಹಿಂದಕ್ಕೆ ಹೋದವು. ಅದು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಹೊಟ್ಟೆ ತಗ್ಗಿಸಿ ಕೂತಿತು.

ದನಿ ಅದನ್ನು ತಡೆಯಿತು ಎಂದು ನಾನು ಹೇಳುವುದಿಲ್ಲ. ಅದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗುವಂತಿಲ್ಲ. ದನಿ ನಿಂತಾಗ ಎದ್ದಿತು, ದನಿ ಬಂದಾಗ ಕೂತಿತು. ನಾನು ನೋಡಿದ್ದು ಇಷ್ಟು. ಆದರೆ ಅಲ್ಲಿ ನಿಂತವನಿಗೆ ಅಷ್ಟು ಸಾಕಾಗಿತ್ತು, ಏಕೆಂದರೆ ಎರಡನೆಯ ಮೌನ ಬರುವುದಿತ್ತು. ಅದು ಉದ್ದವಾದದ್ದು. ಅದನ್ನು ನಾನೇ ಗಡಿಯಾರ ನೋಡಿಕೊಂಡು ಉದ್ದ ಮಾಡಿದ್ದೆ. ಅದಾದ ಮೇಲೆ ಒಂದೇ ಮಾತು, ಆಮೇಲೆ ಏನೂ ಇಲ್ಲ.

ಕಾಗದದ ಮೇಲೆ ನನ್ನ ಕೈ ಈಗ ಏನು ಬರೆಯುತ್ತಿದೆ ಎಂಬುದು ನನಗೆ ಗೊತ್ತಿತ್ತು. ಉದಾಹರಣೆ ಮುಗಿಯುತ್ತಿತ್ತು. ಇನ್ನು ಗೆರೆ ಎಳೆಯುತ್ತೇನೆ. ಗೆರೆಯ ಈಚೆ ಚುಕ್ಕೆಗಳನ್ನು ಇಡುತ್ತೇನೆ. ಒಂದೊಂದು ಚುಕ್ಕೆಗೂ "ಇದು ಇನ್ನಷ್ಟು ಹತ್ತಿರ, ಆದರೆ ದಾಟಿಲ್ಲ" ಎನ್ನುತ್ತೇನೆ. ಆಮೇಲೆ ಕೇಳುತ್ತೇನೆ. ದೊಡ್ಡಪ್ಪನ ತೋಳು ಹಿಡಿದು, "ಈಗ ನಿಲ್ಲತೈತ್ರಿ" ಎಂದೆ.

"ಏನ್ರಿ?"

"ದನಿ. ಈಗ ನಿಲ್ಲತೈತಿ. ಭಾಳ ಹೊತ್ತು ನಿಲ್ಲತೈತಿ."

ಅವರು ನನ್ನ ಮುಖ ನೋಡಿದರು. ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. "ಹಂಗಾರ ನೀವ ಮಾತಾಡ್ರಿ" ಎಂದರು. "ಹಂಗ ಮಾತಾಡಕೊಂತ ಹಿಂದ ಸರೀರಿ. ಅದಕ್ಕ ಎಡಕ ಇಳಿಯಾಕ ಜಾಗಾ ಬಿಡೂನು."

ಮೇಲಿನಿಂದ ನನ್ನ ದನಿ ಕೇಳಿತು: "ಹಾಗಾದರೆ ಈ ಸಾಲು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆ? ಆ ಗೆರೆಗೇ ಸೇರಬೇಕೇ? ಯೋಚಿಸಿ." ಮತ್ತು ನಿಂತಿತು.

ಚಿರತೆ ಎದ್ದಿತು.

ನಾನು ಮಾತಾಡಿದೆ. ವಿಡಿಯೊದ ದನಿಯಲ್ಲೇ ಮಾತಾಡಬೇಕೆಂದುಕೊಂಡಿದ್ದೆ, ಬಂದದ್ದು ನಮ್ಮ ಮನೆಯ ಮಾತು. "ಗೆರಿಗೇ ಸೇರಬೇಕಂತೇನಿಲ್ಲವ್ವ" ಎಂದೆ. "ಅದರ ಈಚೆಗೇ ಒಂದು ಜಾಗಾ ಇರಬಹುದು. ಅಂಥಾ ಗೆರಿ ಎಷ್ಟೋ ಎಳೀಬಹುದು. ಎಲ್ಲಾಕ್ಕಿಂತ ಸಣ್ಣ ಗೆರಿ ಯಾವುದೈತಿ, ಅದಕ್ಕ ಹೋಗಿ ಸೇರತೈತಿ." ಚಿರತೆ ತಲೆ ತಿರುಗಿಸಿ ಮೊದಲ ಸಲ ನಮ್ಮನ್ನು ನೋಡಿತು. ಅದರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ಇದನ್ನು ಬರೆಯುವುದು ಕಷ್ಟ. ಹುಡುಗಿಯಿಂದ ದೂರ ಹೋಗುವುದೇ ಅವಳಿಗೆ ಸಹಾಯ ಎಂದು ತಿಳಿದಿದ್ದರೂ, ಪ್ರತಿ ಹೆಜ್ಜೆಯಲ್ಲೂ ಅವಳನ್ನು ಬಿಟ್ಟು ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು. ಅವಳು ನೋಡುತ್ತಿದ್ದಳು. ಅವಳ ಸರ್ ಲೆಕ್ಕ ಹೇಳುತ್ತ ಹಿಂದೆ ಹಿಂದೆ ಹೋಗುತ್ತಿದ್ದರು. ತಾಯಿ ಮಾತ್ರ ಕದಲಲಿಲ್ಲ. ದೊಡ್ಡಪ್ಪ ಅವರ ಸೊಂಟಕ್ಕೆ ಕೈ ಹಾಕಿ ಎತ್ತಿದಂತೆ ಮಾಡಿ ಹಿಂದಕ್ಕೆ ಎಳೆದರು. ತಾಯಿಯ ಹಿಮ್ಮಡಿ ಮಣ್ಣಿನಲ್ಲಿ ಗೆರೆ ಕೊರೆಯುತ್ತ ಬಂತು.

"ಯಾಕ ಸೇರತೈತಿ ಅಂದ್ರ," ಎಂದೆ, "ಅದಕ್ಕಿಂತ ಈಚೆ ಎಲ್ಲರೆ ನಿಂತ್ರ, ಆ ನಿಂತ ಜಾಗಾನ ಇನ್ನೂ ಸಣ್ಣ ಗೆರಿ ಆಗಿಬಿಡತಿತ್ತು." ಸರಿಯಾಗಿ ಹೇಳಿದೆನೋ ಇಲ್ಲವೋ. ಹೇಳಿದ್ದನ್ನೇ ಮತ್ತೆ ಹೇಳಿದೆ. ದೂರವಾದಂತೆ ದನಿ ಎತ್ತರಿಸಬೇಕಿತ್ತು, ಆದರೆ ಅದು ಕೂಗಾಗಬಾರದಿತ್ತು. ಮೇಲೆ ವಿಡಿಯೊ "ಉತ್ತರ ನಾಳೆ ನೀವೇ ಹೇಳಿ" ಎಂದು ಮುಗಿಯಿತು. ಇನ್ನು ಮಾತಾಡುವವನು ನಾನೊಬ್ಬನೇ.

ಮನೆಯ ಹಿಂದಿನ ಬಾಳೆ ತೋಟದ ಬೇಲಿ ನನ್ನ ಬೆನ್ನಿಗೆ ತಾಗಿತು. ಅಲ್ಲಿ ನಿಂತೆ. ಆಗ ಮಾತು ಮುಗಿದುಹೋಯಿತು. ಪಾಠ ಖಾಲಿಯಾಯಿತು. ಏನು ಹೇಳಲಿ ಎಂದು ತಿಳಿಯದೆ ಮಗ್ಗಿ ಹೇಳತೊಡಗಿದೆ. ಹದಿಮೂರರ ಮಗ್ಗಿ. ದೊಡ್ಡಪ್ಪ ತಿರುಗಿ ನನ್ನನ್ನು ನೋಡಿದರು, ಆಮೇಲೆ ಅವರೂ ತುಟಿಯಲ್ಲೇ ಜೊತೆಗೂಡಿದರು.

ಚಿರತೆ ಎಡಕ್ಕೆ ಬಂತು. ಅಂಚಿಗೆ ಇಳಿಯಿತು. ಅವಸರ ಮಾಡಲಿಲ್ಲ. ಒಮ್ಮೆ ನಿಂತು ನೆಲ ಮೂಸಿತು. ಬಾಲ ಕೊನೆಯದಾಗಿ ಜಾಲಿಯೊಳಗೆ ಹೋಯಿತು. ಆಮೇಲೂ ನಾನು ಮಗ್ಗಿ ನಿಲ್ಲಿಸಲಿಲ್ಲ. ದೊಡ್ಡಪ್ಪ ತಾಯಿಯನ್ನು ಬಿಟ್ಟರು. ತಾಯಿ ಸಂದಿನೊಳಗೆ ನುಗ್ಗಿದರು. ಎಲ್ಲಿ ಕಾಲಿಟ್ಟರೋ, ಹೇಗೆ ಹತ್ತಿದರೋ ನಾನು ನೋಡಲಿಲ್ಲ, ಏಕೆಂದರೆ ಜಾಲಿಯಿಂದ ಕಣ್ಣು ಕೀಳಲು ನನಗೆ ಧೈರ್ಯವಿರಲಿಲ್ಲ. ದೊಡ್ಡಪ್ಪ ಕಲ್ಲು ಹಿಡಿದು ಅದೇ ಕಡೆ ನೋಡುತ್ತ ನಿಂತರು. ತಾಯಿ ಮಗಳ ಮಣಿಕಟ್ಟು ಹಿಡಿದು ಇಳಿಸಿಕೊಂಡು ಬಂದರು. ಹುಡುಗಿಯ ಇನ್ನೊಂದು ಕೈಯಲ್ಲಿ ಫೋನು ಇತ್ತು, ಚಪ್ಪಲಿ ಮೇಲೆಯೇ ಉಳಿದಿತ್ತು.

ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಯಾರೂ ಅಳಲಿಲ್ಲ. ತಾಯಿ ಚಹಾ ಇಟ್ಟರು. ಒಂದು ಕೈಯಿಂದಲೇ ಇಟ್ಟರು, ಇನ್ನೊಂದು ಕೈ ಮಗಳ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಹುಡುಗಿ ಒಲೆಯ ಮುಂದೆ ತಾಯಿ ಬಾಗಿದ ಕಡೆ ಬಾಗುತ್ತ, ಎದ್ದಾಗ ಏಳುತ್ತ ಇದ್ದಳು.

"ಕೂಗಬೇಕಿತ್ತು" ಎಂದರು ತಾಯಿ, ಯಾರ ಮುಖವನ್ನೂ ನೋಡದೆ. "ಮಂದಿ ಕೂಡತಿದ್ರು. ಭಾವಾರು ಬಾಯಿ ಮುಚ್ಚಿದ್ರು."

"ಕೂಗಿದ್ರ ಏನಾಗತಿತ್ತಂತ ನಿನಗ ಗೊತ್ತೈತೇನು?"

"ನಿಮಗ ಗೊತ್ತೈತೇನ್ರಿ?"

ದೊಡ್ಡಪ್ಪ ಕೈಯಲ್ಲಿದ್ದ ಕಲ್ಲನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

ಫೋನು ಯಾಕೆ ಬಂದ್ ಮಾಡಲಿಲ್ಲ ಎಂದು ಹುಡುಗಿಯನ್ನು ಕೇಳಿದೆ.

"ನೀವು ಮಾತಾಡಾಕತ್ತಿದ್ರಲ್ರಿ ಸರ" ಎಂದಳು. "ಮನಷ್ಯಾರ ದನಿ ಒಂದರೆ ಇರಲಿ ಅಂತ ಬಿಟ್ಟೆ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಎರಡನೇದ್ದು ಬರತೈತಂತ ನನಗೂ ಗೊತ್ತಿತ್ರಿ."

ಇನ್ನು ಮುಂದೆ ವಿಡಿಯೊಗಳನ್ನು ಕಾಲೇಜಿನ ಲ್ಯಾಬಿನಲ್ಲೇ, ಬಸ್ಸಿಗೆ ಮುಂಚೆ ತೋರಿಸುತ್ತೇನೆ, ಗುಂಪಿಗೆ ಕಳಿಸುವುದಿಲ್ಲ ಎಂದು ತಾಯಿಗೆ ಹೇಳಿದೆ. ಅವರು ಹೂಂ ಎಂದರು. ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸಿಟ್ಟಾಗಲೂ ಅವರ ಮನಸ್ಸು ಅಲ್ಲಿರಲಿಲ್ಲ. ಅವರ ಗಮನವೆಲ್ಲ ಹಿಡಿದ ಕೈಯಲ್ಲಿತ್ತು.

ದೊಡ್ಡಪ್ಪ ಊರಿನ ನಾಲ್ಕು ಜನರನ್ನು ಕರೆದುಕೊಂಡು ನನ್ನನ್ನು ಆಟೋದವರೆಗೆ ಬಿಟ್ಟರು. ಕಾಲುವೆಯ ಕಡೆ ಇನ್ನಿಬ್ಬರನ್ನು ಹುಡುಗಿಯ ಅಪ್ಪನನ್ನು ಕರೆತರಲು ಕಳಿಸಿದರು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಬೇಕೆಂದು ಒಬ್ಬರು ಹೇಳಿದರು. ಅದಕ್ಕೆ ಗುಂಡು ಹತ್ತಬೇಕಲ್ಲ ಎಂದು ಇನ್ನೊಬ್ಬರು. ಯಾರೂ ನಗಲಿಲ್ಲ. ನಾನು ಆನೆಗೊಂದಿಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಫೋನ್ ಮಾಡಿ ತಿಳಿಸಿದೆ. ಆ ಕಡೆಯವರು ಊರಿನ ಹೆಸರನ್ನು ನನ್ನಿಂದ ಎರಡೆರಡು ಸಲ ಹೇಳಿಸಿದರು. ನನ್ನ ಮಾತು ಅರ್ಥವಾಗುತ್ತಿರಲಿಲ್ಲ ಎಂದು ಕಾಣುತ್ತದೆ.

ಗಂಗಾವತಿಯವರೆಗೂ ನಾನು ಆಟೋದವನ ಜೊತೆ ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆ ಎಂಬುದು ನೆನಪಿಲ್ಲ. ಭತ್ತದ ಧಾರಣೆ, ಕೊಪ್ಪಳದ ರೈಲು, ಅವನ ಮಕ್ಕಳು. ಅವನು "ಹೂಂನ್ರಿ" ಎಂದು ಸುಮ್ಮನಾದಾಗಲೆಲ್ಲ ಮತ್ತೆ ಏನಾದರೂ ಕೇಳುತ್ತಿದ್ದೆ. ಇಳಿಯುವಾಗ ಅವನು, "ಆರಾಮ ಅದೀರನ್ರಿ ಸರ?" ಎಂದು ಕೇಳಿದ.

ಬಸ್ ನಿಲ್ದಾಣದ ಬೆಳಕಿನಲ್ಲಿ ನಿಂತು ಹುಡುಗಿಯ ಅಪ್ಪನ ಫೋನಿಗೆ ಕರೆ ಮಾಡಿದೆ. ಅವರು ಮನೆಗೆ ಬಂದರೋ, ಎಲ್ಲರೂ ಒಳಗಿದ್ದಾರೋ ತಿಳಿಯಬೇಕಿತ್ತು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಕೂಡಲೇ ಮತ್ತೆ ಒತ್ತಿದೆ. ಒತ್ತಿದ ಮೇಲೆ ನನಗೆ ಹೊಳೆಯಿತು: ಆ ಫೋನಿಗೆ ಗಂಟೆ ಹೊಡೆಯಿತೆಂದರೆ, ಅದನ್ನು ಹಿಡಿದುಕೊಂಡು ಯಾರೋ ಬಂಡೆಯ ಮೇಲಿದ್ದಾರೆ ಎಂದೇ ಅರ್ಥ.

ಫೋನನ್ನು ಕಿವಿಗೆ ಒತ್ತಿ ಹಿಡಿದು, ಗಂಟೆ ಹೊಡೆಯದಿರಲಿ ಎಂದು ಕಾದೆ. ಹೊಡೆಯಲಿಲ್ಲ. ಹೊರಗಿದ್ದಾರೆ ಎಂದಿತು. ಮತ್ತೆ ಮಾಡಿದೆ. ಹೊರಗಿದ್ದಾರೆ. ಕುಷ್ಟಗಿಯ ಬಸ್ಸು ಬಂದು ಹೋಯಿತು, ಜನ ನನ್ನನ್ನು ತಳ್ಳಿಕೊಂಡು ಹತ್ತಿದರು, ಇಳಿದರು. ನಾನು ಅಲ್ಲೇ ನಿಂತು ಮತ್ತೆ ಮತ್ತೆ ಅದೇ ನಂಬರನ್ನು ಒತ್ತುತ್ತಿದ್ದೆ.